ಸಮ್ಮೇಳನಕ್ಕೆ ಹೋಗಲೋ ಬೇಡವೋ ಅಂತ ಕೇಳಿದ್ದೀಯಲ್ಲ

ಶಿರಾಳಕೊಪ್ಪ

ಚಿರಂಜೀವಿ ಪುಟ್ಟಿಗೆ ದೊಡ್ಡವ್ವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಅದಕ್ಕೂ ಮುಂಚೆ ನಿನ್ನ ಅವ್ವನ ಫೋನ್ ಬಂದಿತ್ತು. ಜನವರಿಯಲ್ಲಿ ಬೆಂಗಳೂರಿನಲ್ಲಿ ಮೂರು ದಿನದ ಧಾರ್ಮಿಕ ಸಮ್ಮೇಳನ, ನಾಲ್ಕು ಸಾವಿರ ಪ್ರತಿನಿಧಿ ಶುಲ್ಕ, ಉಳಿಯುವ ಖರ್ಚು ಬೇರೆ, ಶಾಲೆಗೆ ರಜೆ ಬೇರೆ. ದುಡ್ಡು ದಂಡ ಅನ್ನುತ್ತಾಳೆ ಅವಳು. ಹೋಗದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ ಅನ್ನುತ್ತೀಯ ನೀನು. ಇಬ್ಬರೂ ನನ್ನನ್ನೇ ಕೇಳಿದ್ದೀರಿ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ. ಇಂಥ ಕಡೆಗೆಲ್ಲ ಹೋಗಬೇಕು ಪುಟ್ಟಿ. ಆದರೆ ಇದಕ್ಕೆ ಬೇಡ. ಮಾಘದಲ್ಲಿ ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಉತ್ಸವ ಬರುತ್ತದೆ, ಅದಕ್ಕೆ ಹೋಗೋಣ. ನಾನೂ ಬರುತ್ತೇನೆ.

ನೀನು ಕಳಿಸಿದ ಕರಪತ್ರವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ರಾತ್ರಿ ಎಂಟರ ತನಕ ಒಬ್ಬರಾದ ಮೇಲೆ ಒಬ್ಬರ ಭಾಷಣ. ಕೇಳಿದವರು ತಿರುಗಿ ಏನಾದರೂ ಕೇಳಲಿಕ್ಕೆ ಅರ್ಧ ಗಂಟೆಯನ್ನೂ ಇಟ್ಟಿಲ್ಲ. ಕುರ್ಚಿಗಳಲ್ಲಿ ಮೂರು ದರ್ಜೆ. ನಿನ್ನ ನಾಲ್ಕು ಸಾವಿರಕ್ಕೆ ಸಿಗುವುದು ಕೊನೆಯ ದರ್ಜೆ. ಅಷ್ಟು ದೂರದಿಂದ ಮಾತಾಡುವವರ ಮುಖ ಎಲ್‌ಇಡಿ ಪರದೆ ಮೇಲೆ ಕಾಣಬೇಕು ಅಷ್ಟೆ. ಅದೇ ಭಾಷಣ ವಾರದೊಳಗೆ ಯೂಟ್ಯೂಬಿಗೆ ಬರುತ್ತದೆ. ಮನೆಯಲ್ಲಿ ಕೂತು, ಬೇಕಾದಲ್ಲಿ ನಿಲ್ಲಿಸಿ, ಅರ್ಥವಾಗದ್ದನ್ನು ಇನ್ನೊಂದು ಸಲ ಕೇಳಬಹುದು. ಅದಕ್ಕೆ ಅಷ್ಟು ದೂರ ಯಾಕೆ?

ದೂರ ಹೋಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಉಡುತಡಿ ನಮಗೆ ಎಷ್ಟು ಹತ್ತಿರ ಅಂತ ನಿನಗೆ ಗೊತ್ತು. ಅಲ್ಲಿಂದ ಅಕ್ಕಮಹಾದೇವಿ ಹೊರಟದ್ದು ಕಲ್ಯಾಣಕ್ಕೆ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ನಮ್ಮಿಂದ ನಾನೂರು ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ಅಲ್ಲಿ ಅನುಭವ ಮಂಟಪದಲ್ಲಿ ಹಿರಿಯರಾಗಿ ಕೂತಿದ್ದ ಅಲ್ಲಮಪ್ರಭುಗಳೂ ನಮ್ಮ ಬಳ್ಳಿಗಾವಿಯವರೇ. ಊರ ಕಡೆಯ ಹುಡುಗಿ ಅಂತ ಅವರು ಅವಳನ್ನು ಸುಮ್ನೆ ಒಳಗೆ ಕರೆದುಕೊಳ್ಳಲಿಲ್ಲವಂತೆ. ನಿನ್ನ ಗಂಡ ಯಾರು ಅಂತ ಕೇಳಿದರಂತೆ. ಬಟ್ಟೆಯನ್ನೇ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದು ಯಾಕೆ ಅಂತ ಕೇಳಿದರಂತೆ. ತುಂಬಿದ ಸಭೆಯಲ್ಲಿ ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಅಷ್ಟು ದೂರ ನಡೆದು ಹೋದದ್ದು ಸಾರ್ಥಕವಾಯಿತು. ಅವಳು ಆಡಿದ ಮಾತನ್ನು ಕೇಳುವವರಿದ್ದರು, ಅವಳಿಗೆ ಪ್ರಶ್ನೆ ಹಾಕುವವರೂ ಇದ್ದರು.

ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ನಿನ್ನನ್ನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಕೋಡಿಯಮಠದ ಬಗ್ಗೆ 1162ರ ಶಾಸನ ಒಂದಿದೆ. ಶೈವರ ಮಠ ಅದು, ಕಾಳಾಮುಖ ಅನ್ನುವ ಪಂಥದವರದ್ದು. ಆದರೂ ಅಲ್ಲಿ ವೇದ, ವ್ಯಾಕರಣ, ನ್ಯಾಯ, ಸಾಂಖ್ಯದ ಜೊತೆಗೆ ಬೌದ್ಧರ ದರ್ಶನವನ್ನೂ ವಿವರಿಸಿ ಹೇಳುತ್ತಿದ್ದರು ಅಂತ ಶಾಸನ ಹೇಳುತ್ತದೆ. ಬಡವರಿಗೆ, ಕುಂಟರು ಕುರುಡರಿಗೆ ಊಟ ಹಾಕುತ್ತಿದ್ದರು, ಕಾಯಿಲೆಯವರಿಗೆ ಔಷಧಿ ಕೊಡುತ್ತಿದ್ದರು. ಧರ್ಮದ ಹೆಸರಲ್ಲಿ ಜನ ಸೇರುವುದು ಅಂದರೆ ನನ್ನ ಕಣ್ಣ ಮುಂದೆ ಬರುವುದು ಇದು. ಚರ್ಚೆಯೂ ಇರಬೇಕು, ಒಲೆಯೂ ಉರಿಯಬೇಕು.

ಈಗ ಹುಣ್ಣಿಮೆಯ ವಿಷಯ. 1950ರಲ್ಲಿ ಜಗಳೂರಿನಲ್ಲಿ ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಶುರು ಮಾಡಿದ್ದು ಇದು. ಒಂಬತ್ತು ದಿನ ನಡೆದು ಭಾರತ ಹುಣ್ಣಿಮೆಯ ದಿನ ಮುಗಿಯುತ್ತದೆ. ಸಲಕ್ಕೊಂದು ಊರು. ಸಂಜೆ ಸಭೆ. ಬೇರೆ ಧರ್ಮದವರೂ ಬಂದು ಮಾತಾಡುತ್ತಾರೆ, ಬೇಸಾಯದ ಮಾತೂ ಬರುತ್ತದೆ. ಸಿರಿಗೆರೆಯ ಮಕ್ಕಳು ಇಳಿಬಿಟ್ಟ ಮಲ್ಲಿಹಗ್ಗದ ಮೇಲೆ ಕಸರತ್ತು ಮಾಡುತ್ತಾ ಏರಿ ಇಳಿಯುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ. ಊಟ ದಾಸೋಹದಲ್ಲಿ.

ಅಲ್ಲೂ ಭಾಷಣ ಭಾಷಣವೇ, ನಿಜ. ನಾವು ಎದ್ದು ನಿಂತು ಪ್ರಶ್ನೆ ಕೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ನಾನು ಹೋದಾಗಲೆಲ್ಲ ಬೆಳಿಗ್ಗೆ ದಾಸೋಹದ ಅಡುಗೆ ಕೊಟ್ಟಿಗೆಗೆ ಹೋಗಿ ಕೂರುತ್ತೇನೆ. ಕತ್ತಲಿರುವಾಗಲೇ ಅಲ್ಲಿ ಕೆಲಸ ಶುರು. ಕುಂಬಳಕಾಯಿ ಗುಡ್ಡೆ ಹಾಕಿರುತ್ತಾರೆ. ಎಲ್ಲೆಲ್ಲಿಯ ಹೆಂಗಸರೋ ಸಾಲಾಗಿ ಈಳಿಗೆ ಮಣೆ ಹಾಕಿಕೊಂಡು ಕೂತಿರುತ್ತಾರೆ. ಹೆಸರು ಕೇಳುವ ಮುಂಚೆ ಊರು ಕೇಳುತ್ತಾರೆ, ಆಮೇಲೆ ಮಕ್ಕಳೆಷ್ಟು ಅಂತ. ಒಂದು ವರ್ಷ ಹಿಂದಿನ ರಾತ್ರಿ ವರದಕ್ಷಿಣೆ ವಿಷಯ ಮಾತಾಡಿದ್ದರು, ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದಿದ್ದೆವು. ಬೆಳಿಗ್ಗೆ ನನ್ನ ಪಕ್ಕ ಹರಪನಹಳ್ಳಿ ಕಡೆಯ ಒಬ್ಬಳು ಕೂತಿದ್ದಳು. ಕೈಯಲ್ಲಿದ್ದ ಹೋಳು ಹಾಗೇ ಹಿಡಿದುಕೊಂಡು, "ಚಪ್ಪಾಳೆ ನಾನೂ ಹೊಡೆದೆ, ನೀನೂ ಹೊಡೆದೆ. ನಿನ್ನ ಮಗನ ಮದುವೆಗೆ ಏನು ಕೇಳ್ತೀಯ ಹೇಳು ನೋಡೋಣ" ಅಂದಳು. ಸಾಲಿನಲ್ಲಿದ್ದವರೆಲ್ಲ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಏನೂ ಕೇಳುವುದಿಲ್ಲ ಅಂತ ನಾನು ಹೇಳಲೇಬೇಕಾಯಿತು. ಅಷ್ಟು ಜನರ ಮುಂದೆ ಹೇಳಿದ ಮೇಲೆ ತಪ್ಪಲಿಕ್ಕೂ ಆಗಲಿಲ್ಲ. ನಿನ್ನ ಅಣ್ಣನ ಮದುವೆಯಲ್ಲಿ ಬೀಗರಿಂದ ಒಂದು ರೂಪಾಯಿ ಮುಟ್ಟಲಿಲ್ಲ ಅಂತ ನಿನ್ನ ದೊಡ್ಡಪ್ಪನನ್ನು ಊರೆಲ್ಲ ಹೊಗಳುತ್ತಾರಲ್ಲ, ಅದು ಶುರುವಾದದ್ದು ಆ ಕುಂಬಳಕಾಯಿ ಗುಡ್ಡೆಯ ಮುಂದೆ. ಆ ಹೆಂಗಸು ಈಗಲೂ ಬಸವ ಜಯಂತಿಗೆ ಫೋನ್ ಮಾಡುತ್ತಾಳೆ.

ಇನ್ನೊಂದು ಮಾತು, ನಿನ್ನ ಅವ್ವನಿಗೆ ಅರ್ಥವಾಗದ್ದು. ನಮ್ಮ ಕಾಲದಲ್ಲಿ ಹೆಂಗಸರು ಮನೆ ಬಿಟ್ಟು ಎರಡು ದಿನ ಹೊರಗಿರಲಿಕ್ಕೆ ಬೇರೆ ದಾರಿ ಇರಲಿಲ್ಲ. ಸಿನಿಮಾ ಅಂದರೆ ಮುಖ ಗಂಟು, ಗೆಳತಿಯ ಮನೆ ಅಂದರೆ ನೂರು ಪ್ರಶ್ನೆ. ಮಠದ ಕಾರ್ಯಕ್ರಮ ಅಂದರೆ ಅತ್ತೆಯೇ ಬುತ್ತಿ ಕಟ್ಟಿ ಕಳಿಸುತ್ತಿದ್ದರು. ನಾನು ಹೊರಗಿನ ಜಗತ್ತು ನೋಡಿದ್ದೇ ಹಾಗೆ. ಅದಕ್ಕೆ ಹಾಕಿದ ದುಡ್ಡನ್ನು ದಂಡ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನೀನು ಸಂಬಳ ತರುವವಳು, ನಿನಗೆ ಯಾರ ಅಪ್ಪಣೆಯೂ ಬೇಡ. ಆದರೂ ನಾಲ್ಕು ಊರಿನ ಹೆಂಗಸರ ಜೊತೆ ಕೂತು ಮಾತಾಡುವುದು ನಿನ್ನ ಶಾಲೆಯಲ್ಲೂ ಸಿಗುವುದಿಲ್ಲ, ಶಿವಮೊಗ್ಗದ ಬಾಡಿಗೆ ಮನೆಯಲ್ಲೂ ಸಿಗುವುದಿಲ್ಲ.

ಬಸ್ಸಿನ ಖರ್ಚಿನ ಚಿಂತೆ ಬಿಡು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಶೂನ್ಯ ಟಿಕೆಟ್. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅದಕ್ಕೆ ದುಡ್ಡು ಕೊಡಬೇಕು, ಅಷ್ಟೆ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೂ ಒಮ್ಮೆ ಹೀಗೇ ಹೋಗಿ ಬಾ. ಅಲ್ಲಿನ ಸರ್ವಧರ್ಮ ಸಮ್ಮೇಳನ ತೊಂಬತ್ತು ವರ್ಷ ದಾಟಿದೆ.

ನಿಜವಾದ ಖರ್ಚು ನಿನ್ನ ಅವ್ವನ ಕೈಯಲ್ಲಿದೆ. ಸಮ್ಮೇಳನಗಳೆಲ್ಲ ಬರುವುದು ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ. ಮಳೆ ಇರುವುದಿಲ್ಲ, ಪೆಂಡಾಲ್ ಹಾಕಬಹುದು. ಆನಂದಪುರದ ನಿಮ್ಮ ತೋಟದ ಅಡಿಕೆ ಕೊಯ್ಲೂ ಅದೇ ಹೊತ್ತಿಗೆ. ಹಗಲು ಇಳಿಸಿದ ಅಡಿಕೆ ಕೊನೆಯನ್ನು ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯಬೇಕು, ಸುಲಿದದ್ದನ್ನು ಬೇಯಿಸಬೇಕು, ಬೇಯಿಸಿದ್ದನ್ನು ಅಟ್ಟಕ್ಕೆ ಹಾಕಿ ಹರಡಬೇಕು. ನಾಳೆ ನೋಡೋಣ ಅಂತ ಬಿಟ್ಟರೆ ಹಾಳಾಗುತ್ತದೆ. ಸುಲಿಯುವವರು ಸಿಗುತ್ತಿಲ್ಲ ಅಂತ ಅವಳು ನನ್ನ ಹತ್ತಿರ ಹೇಳಿದಳು. ನಿನಗೆ ಹೇಳಿರಲಿಕ್ಕಿಲ್ಲ. ದುಡ್ಡು ದಂಡ ಅಂದದ್ದರ ಹಿಂದೆ ಇರುವುದು ಇದೇ. ಜನವರಿಯಲ್ಲಿ ಆ ಮೂರು ದಿನ ಮನೆಗೆ ಹೋಗು, ಅವಳ ಪಕ್ಕ ಕೂರು. ಹುಣ್ಣಿಮೆಯ ಹೊತ್ತಿಗೆ ಅವಳ ಕೈಯೂ ಖಾಲಿಯಾಗಿರುತ್ತದೆ, ಅವಳನ್ನೂ ಎಬ್ಬಿಸಿ ಕರೆದುಕೊಂಡು ಹೋಗೋಣ.

ಇಷ್ಟು ಹೇಳಿದ ಮೇಲೂ ಬೆಂಗಳೂರಿಗೇ ಹೋಗಬೇಕು ಅನ್ನಿಸಿದರೆ ನಾನು ತಡೆಯುವುದಿಲ್ಲ. ಸಾಲ ಮಾತ್ರ ಮಾಡಬೇಡ. ಅಲ್ಲಿ ಕೊನೆಯ ದಿನ ದೇಣಿಗೆಗೆ ಹೆಸರು ಬರೆಸಿ ಅಂತ ಮೈಕಿನಲ್ಲಿ ಕರೆಯುತ್ತಾರೆ, ಅಕ್ಕಪಕ್ಕದವರು ಎದ್ದು ಹೋಗುತ್ತಾರೆ, ಆಗ ನಮ್ಮ ಮನಸ್ಸೂ ಕರಗಿರುತ್ತದೆ. ಪೆಂಡಾಲಿನಲ್ಲಿ ಕೂತು ಯಾವ ಮೊತ್ತಕ್ಕೂ ಮಾತು ಕೊಡಬೇಡ. ಊರಿಗೆ ಬಂದು ಎರಡು ರಾತ್ರಿ ನಿದ್ದೆ ಮಾಡು. ಆಮೇಲೂ ಕೊಡಬೇಕು ಅನ್ನಿಸಿದರೆ ಸಂತೋಷದಿಂದ ಕೊಡು.

ಹುಣ್ಣಿಮೆಗೆ ಕೊನೆಯ ದಿನ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ನಡುವಿನ ಎರಡು ದಿನ ಸಾಕು, ಶಾಲೆಯಲ್ಲಿ ರಜೆಗೆ ಈಗಲೇ ಹೇಳಿಟ್ಟುಕೋ. ಈ ಸಲ ಯಾವ ಊರು ಅಂತ ನಿನ್ನ ದೊಡ್ಡಪ್ಪ ವಿಚಾರಿಸಿ ಫೋನ್ ಮಾಡುತ್ತಾರೆ. ಅವ್ವನ ಹತ್ತಿರ ನೀನು ಏನೂ ವಾದ ಮಾಡಬೇಡ. ಭಾನುವಾರ ನಾನೇ ಆನಂದಪುರಕ್ಕೆ ಹೋಗಿ ಮಾತಾಡುತ್ತೇನೆ.

ಇಂತಿ ನಿನ್ನ
ದೊಡ್ಡವ್ವ