ಒಂದೇ ಅಕ್ಷರ ಸಾಕು, ಕನ್ನಡದ್ದೇ ಇರಲಿ

ಗೆಳೆಯಾ,

ಅಪ್ಪ ಅಮ್ಮನ ಮದುವೆ ದಿನಕ್ಕೆ ಕರವಸ್ತ್ರದ ಮೇಲೆ ಅವರ ಹೆಸರಿನ ಅಕ್ಷರ ನೀನೇ ಕಸೂತಿ ಹಾಕುತ್ತೀಯ ಅಂತ ಓದಿ ತುಂಬಾ ಖುಷಿಯಾಯಿತು. ನೀನು ಕಳಿಸಿದ ಇಂಗ್ಲಿಷ್ ಡಿಸೈನ್ ಚೆನ್ನಾಗಿದೆ. ಆದರೂ ಕನ್ನಡದಲ್ಲೇ ಹಾಕು ಮಾರಾಯ. ಒಬ್ಬೊಬ್ಬರಿಗೆ ಒಂದೇ ಅಕ್ಷರ ಸಾಕಾ ಅಂತ ನೀನು ಕೇಳಿದ್ದೆ. ಖಂಡಿತ ಸಾಕು. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರ ದೇವಸ್ಥಾನ ಇದೆಯಲ್ಲ, ಅಲ್ಲಿ ಕೆಲಸ ಮಾಡಿದ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಕೆಳಗೆ ಎಷ್ಟೋ ಸಲ ‘ಮಲ್ಲಿ’ ಅಂತಲೋ ಬರೀ ‘ಮ’ ಅಂತಲೋ ಹೆಸರು ಕೆತ್ತುತ್ತಿದ್ದ. ಎಷ್ಟು ಚೆಂದ ಅಲ್ವಾ!

ಅಮ್ಮನ ‘ಸ’, ಅಪ್ಪನ ‘ರ’ ಅಕ್ಕಪಕ್ಕ ಬರಲಿ. ಜಾಗ ಉಳಿಯುತ್ತದೆ ಅಂತ ‘ರ’ವನ್ನು ಕೆಳಗೆ ಇಟ್ಟರೆ ಒತ್ತಕ್ಷರದ ಹಾಗೆ ಕಾಣುತ್ತದೆ, ನೋಡಿದವರು ‘ಸ್ರ’ ಅಂತ ಓದಿಬಿಡಬಹುದು.

ಈಗ ಹೊಲಿಗೆ. ಕಸೂತಿ ದಾರದಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತದೆ, ಕರವಸ್ತ್ರದಂಥ ತೆಳು ಬಟ್ಟೆಗೆ ಒಂದೋ ಎರಡೋ ಎಳೆ ಸಾಕು. ಎರಡು ಬೇಕಾದರೂ ಒಂದೊಂದಾಗಿ ಬಿಡಿಸಿ ಆಮೇಲೆ ಜೋಡಿಸು, ಆಗ ಎಳೆ ತಿರುಚಿಕೊಳ್ಳದೆ ಮಟ್ಟವಾಗಿ ಕೂರುತ್ತದೆ. ಸುಮ್ನೆ ನೇರ ಸ್ಯಾಟಿನ್ ಹೊಲಿಗೆಗೆ, ಅಂದರೆ ಒಂದಕ್ಕೊಂದು ಒತ್ತಾಗಿ ಹಾಕಿ ಜಾಗ ತುಂಬುವ ಹೊಲಿಗೆಗೆ, ಇಳಿಯಬೇಡ. ಮೊದಲು ಅಕ್ಷರದ ಒಳಗೆ ಉದ್ದಕ್ಕೂ ಸರಪಳಿಯಂತೆ ಕಾಣುವ ಚೈನ್ ಹೊಲಿಗೆ ತುಂಬು, ಅದರ ಮೇಲೆ ಅಡ್ಡಡ್ಡ ಸ್ಯಾಟಿನ್ ಹಾಕು. ಅಕ್ಷರ ಉಬ್ಬಿ ಬರುತ್ತದೆ, ಬೆರಳಾಡಿಸಿದರೆ ಕೈಗೆ ಸಿಗುತ್ತದೆ, ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಅದೇ.

ನಮ್ಮ ಅಕ್ಷರಗಳೆಲ್ಲ ದುಂಡು, ಕಷ್ಟ ಇರುವುದೂ ಅಲ್ಲೇ. ತಿರುವಿನಲ್ಲಿ ಹೊರಗಿನ ಅಂಚು ಉದ್ದ, ಒಳಗಿನದು ಗಿಡ್ಡ. ಎಲ್ಲ ಹೊಲಿಗೆಯನ್ನೂ ಒಳ ಅಂಚಿನವರೆಗೆ ತಂದರೆ ಅಲ್ಲಿ ದಾರ ಗುಡ್ಡೆಯಾಗುತ್ತದೆ. ಅದಕ್ಕೇ ಆಗಾಗ ಒಂದು ಹೊಲಿಗೆಯನ್ನು ಅರ್ಧಕ್ಕೇ ನಿಲ್ಲಿಸಿ ಪಕ್ಕದ ಹೊಲಿಗೆಯ ಅಡಿಗೆ ಸೇರಿಸಿಬಿಡು, ಮೇಲಿಂದ ಗೊತ್ತೇ ಆಗುವುದಿಲ್ಲ. ಗೆರೆ ಜಾಸ್ತಿ ಅಗಲ ಬೇಡ, ಉದ್ದ ಹೊಲಿಗೆ ಬಳೆಗೋ ಉಂಗುರಕ್ಕೋ ಸಿಕ್ಕಿ ಎದ್ದುಬಿಡುತ್ತದೆ.

ಕೆಂಪು ದಾರ ತಗೊಂಡರೆ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡು, ಬಣ್ಣ ಬಿಟ್ಟರೆ ಬೇರೆ ತಗೋ. ರಾತ್ರಿ ಮಲಗುವಾಗ ಬಟ್ಟೆ ಬಿಗಿದಿಡುವ ರಿಂಗ್ ತೆಗೆದಿಡು, ಈ ಮಳೆಗಾಲದ ತೇವಕ್ಕೆ ಬಟ್ಟೆ ಮೇಲೆ ಗುರುತು ಉಳಿಯುತ್ತದೆ.

ಗಂಟು ಮಾತ್ರ ಹಾಕಬೇಡ, ದಾರದ ತುದಿಯನ್ನು ಹಿಂಬದಿಯ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಕತ್ತರಿಸು. ‘ಸ’ ಮುಗಿದ ಮೇಲೆ ಬಟ್ಟೆಯ ಹಿಂಬದಿಯ ಫೋಟೋನೂ ಕಳಿಸು, ನೋಡಿ ಹೇಳುತ್ತೇನೆ.

ಹಾಸನದಿಂದ,
ನಿನ್ನ ಗೆಳತಿ