ಬಲಗೈ ಮೇಲೆತ್ತಿದ ದಿನ

ಒಂಬತ್ತು ತಿಂಗಳ ನಂತರ ನಿನ್ನೆ ಬೆಳಿಗ್ಗೆ ಬಲಗೈಯನ್ನು ತಲೆಗಿಂತ ಮೇಲೆತ್ತಿ, ಕಪ್ಪುಹಲಗೆಯ ಮೇಲಂಚಿನಲ್ಲಿ ದಿನಾಂಕ ಬರೆದೆ. ಭುಜದ ಸ್ನಾಯುರಜ್ಜುವಿನಲ್ಲಿ, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಪಟ್ಟಿಯಲ್ಲಿ, ಸುಣ್ಣ (ಕ್ಯಾಲ್ಸಿಯಂ) ಕಟ್ಟಿಕೊಂಡ ಕಥೆ ನಿಮಗೆಲ್ಲ ತಿಳಿದೇ ಇರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ನನ್ನ ತರಗತಿಗಳನ್ನು ತೆಗೆದುಕೊಂಡ ಸಹೋದ್ಯೋಗಿಗಳಿಗೆ, ರಜೆಗೆ ಒಮ್ಮೆಯೂ ಬೇಸರಿಸದ ಮುಖ್ಯೋಪಾಧ್ಯಾಯರಿಗೆ, ತಾಳ್ಮೆಯಿಂದ ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟರಿಗೆ ಮತ್ತು ಚೀಲ ಹೊತ್ತು ತಂದುಕೊಟ್ಟ ಮಕ್ಕಳಿಗೆ ನಾನು ಋಣಿ.

ಆದರೆ ಈ ಬರಹ ಮುಖ್ಯವಾಗಿ ನನ್ನ ಓರಗಿತ್ತಿಗಾಗಿ. ನಾನು ಅವರನ್ನು ಕರೆಯುವುದು ಅಕ್ಕ ಎಂದೇ.

ನೋವು ವಿಪರೀತಕ್ಕೇರಿದ ಆ ರಾತ್ರಿ ನನ್ನವರು ಊರಿನಲ್ಲಿರಲಿಲ್ಲ. ಫೋನು ಮಾಡಿದ ಅರ್ಧ ಗಂಟೆಯಲ್ಲಿ ಅಕ್ಕ ಬಂದರು. ಮಲಗಲಾಗದ ನನ್ನನ್ನು ಗೋಡೆಗೆ ದಿಂಬುಗಳನ್ನು ಒತ್ತಿ ಕೂರಿಸಿದರು, ಹಳೆಯ ಹತ್ತಿ ಸೀರೆಯನ್ನು ಹರಿದು ಕೈಯನ್ನು ಕೊರಳಿಗೆ ಕಟ್ಟಿದರು, ಟವೆಲಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಗಡಿಯಾರ ನೋಡಿ ಇಡುತ್ತಾ ತೆಗೆಯುತ್ತಾ ಬೆಳಗಿನವರೆಗೂ ಕಣ್ಣು ಮುಚ್ಚಲಿಲ್ಲ. ಎರಡು ಗಂಟೆಯ ಹೊತ್ತಿಗೆ ನಾನು, "ಈ ಕೈಯೇ ಬೇಡ ಅಕ್ಕಾ, ಕಡಿದುಹಾಕಿ" ಎಂದು ಅತ್ತೆ. ಹಾಗೆಲ್ಲ ಅನ್ನಬಾರದು ಎಂದು ಅವರು ಗದರಲಿಲ್ಲ. "ಇನ್ನು ನಾಲ್ಕು ಗಂಟೆ, ಬೆಳಕು ಹರಿದ ಕೂಡಲೇ ಹೊರಡೋಣ" ಎಂದಷ್ಟೇ ಹೇಳಿ, ನನ್ನ ಎಡಗೈಯನ್ನು ಹಿಡಿದು ಕೂತರು. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತದೆ.

ಕಟ್ಟಿಕೊಂಡ ಸುಣ್ಣವನ್ನು ದೇಹವೇ ಕರಗಿಸತೊಡಗಿದಾಗ ನೋವು ಅತಿ ಹೆಚ್ಚಾಗಿರುತ್ತದೆ ಎಂದು ವೈದ್ಯರು ಮರುದಿನ ವಿವರಿಸಿದರು. ಹಾಲು, ರಾಗಿ ಬಿಡಬೇಕೇ ಎಂದು ಅಕ್ಕ ಕೇಳಿದ್ದಕ್ಕೆ, ತಿನ್ನುವ ಕ್ಯಾಲ್ಸಿಯಂನಿಂದ ಬಂದದ್ದಲ್ಲ ಎಂದರು. ಹಲವರಲ್ಲಿ ವಿಶ್ರಾಂತಿ, ನೋವಿನ ಮಾತ್ರೆ, ವ್ಯಾಯಾಮಗಳೇ ಸಾಕಾಗುತ್ತವೆ. ಸ್ಟೀರಾಯ್ಡ್ ಇಂಜೆಕ್ಷನ್ ನೋವನ್ನು ಕೆಲಕಾಲ ತಗ್ಗಿಸಬಹುದು. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಸೂಜಿಯಿಂದ ಸುಣ್ಣವನ್ನು ತೊಳೆದು ತೆಗೆಯಬಹುದು. ಹೊರಗಿನಿಂದ ಭುಜಕ್ಕೆ ಧ್ವನಿತರಂಗಗಳನ್ನು ಹಾಯಿಸುವ ಶಾಕ್‌ವೇವ್ ಚಿಕಿತ್ಸೆಯೂ ಇದೆ. ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಸಣ್ಣ ರಂಧ್ರದ ಮೂಲಕ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆ. ನಿದ್ದೆಯಿಲ್ಲದೆ ಮಂಕಾಗಿದ್ದ ನಾನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರಿಗೆ ನೆನಪಿಸಿದವರು ಅಕ್ಕ; ಸ್ಟೀರಾಯ್ಡ್‌ನಿಂದ ಸಕ್ಕರೆ ಏರಬಹುದಾದ್ದರಿಂದ ಅದು ಮುಖ್ಯವಾದ ಮಾತಾಗಿತ್ತು. ಸೂಜಿಯಿಂದ ತೊಳೆಯುವುದನ್ನು ಆರಿಸಿಕೊಂಡೆವು. ಸಿರಿಂಜಿನೊಳಗೆ ಸುಣ್ಣದ ನೀರಿನಂತೆ ಬಿಳಿ ಕದಡಿ ಬಂದದ್ದನ್ನು ನೋಡಿ ಅಕ್ಕ ನನ್ನ ಹಣೆ ಸವರಿದರು.

ಆಮೇಲಿನ ತಿಂಗಳುಗಳಲ್ಲಿ ಅವರು ನನ್ನ ಜಡೆ ಹೆಣೆದರು, ಕುಪ್ಪಸದ ಗುಂಡಿ ಹಾಕಿದರು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುವಾಗ, ಪ್ರತಿ ಭಾನುವಾರ ಬೆರಳು ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಿಂದ ಗೀಟು ಎಳೆದರು. ಕೆಲವು ವಾರ ಹೊಸ ಗೀಟು ಹಳೆಯದರ ಮೇಲೆಯೇ ಬಿದ್ದಿತು. ಆಗಲೂ ಅವರು ತಾರೀಕು ಬರೆಯುವುದನ್ನು ಬಿಡಲಿಲ್ಲ.

ಅಕ್ಕಾ, ಎದುರು ನಿಂತು ಹೇಳಲು ನನಗೆ ಗಂಟಲು ಕಟ್ಟುತ್ತದೆ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಹೋಳಿಗೆ ಲಟ್ಟಿಸುವ ಕೆಲಸವನ್ನು ನನಗೇ ಬಿಡಿ.