ಸುಸ್ತಿದಾರ ಎಂಬ ಕಾಲಂ: ಮಗಳಿಗೊಂದು ಪತ್ರ

ಮಂಡ್ಯ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಸಾಲ ಕೇಳುವ ರೈತರಿಗೆ ಅಂಕ ಕೊಡುವ ಪ್ರೋಗ್ರಾಂ ಬರೆಯುತ್ತಿದ್ದೇವೆ, ಜಾತಿ ಮತ್ತು ಲಿಂಗದ ಕಾಲಂಗಳನ್ನು ತೆಗೆದುಹಾಕಿದ್ದೇವೆ, ಇನ್ನು ತಾರತಮ್ಯಕ್ಕೆ ಜಾಗವೇ ಇಲ್ಲ ಎಂದು ನೀನು ಫೋನಿನಲ್ಲಿ ಹೇಳಿದೆ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ನಿವೃತ್ತನಾದವನು ಇಂಥ ಮಾತು ಕೇಳಿ ಸುಮ್ಮನಿರುವುದು ಕಷ್ಟ. ನಿನ್ನ ಅಮ್ಮ ಬೇಡವೆಂದರೂ ಬರೆಯುತ್ತಿದ್ದೇನೆ.

ನಮ್ಮ ಕಡೆ ಊರು, ಬೀದಿ, ಜಮೀನಿನ ವಿಸ್ತೀರ್ಣ ಇಷ್ಟು ತಿಳಿದರೆ ಜಾತಿಯನ್ನು ಯಾರಾದರೂ ಊಹಿಸುತ್ತಾರೆ. ನಿನ್ನ ಕಂಪ್ಯೂಟರ್ ಇನ್ನೂ ಬೇಗ ಊಹಿಸುತ್ತದೆ. ಪಹಣಿಯನ್ನೇ ನೋಡು. ನಾಟಿ, ಕಳೆ ಹೆಂಗಸರದು. ಪಹಣಿಯಲ್ಲಿ ಹೆಸರು ಗಂಡಸರದು. ಪೌತಿ ಖಾತೆಯೇ ಆಗದೆ, ತೀರಿಹೋದ ಮಾವನ ಹೆಸರಿನಲ್ಲೇ ಉಳಿದ ಗದ್ದೆಯನ್ನು ಎಷ್ಟೋ ಮನೆಗಳಲ್ಲಿ ಸೊಸೆ ಸಾಗುವಳಿ ಮಾಡುತ್ತಿದ್ದಾಳೆ. 'ಸ್ವಂತ ಜಮೀನು' ಎಂಬಲ್ಲಿ ಅವಳಿಗೆ ಸೊನ್ನೆ. ಲಿಂಗದ ಕಾಲಂ ಬೇರೆ ಯಾಕೆ ಬೇಕು?

ನನಗೆ ಹೆಚ್ಚು ಚಿಂತೆ 'ಸುಸ್ತಿದಾರ', ಅಂದರೆ ವಾಯಿದೆಯೊಳಗೆ ಸಾಲ ತೀರಿಸದವನು, ಎಂಬ ಕಾಲಂನದು. ಹಿಂದೆ ಸುಸ್ತಿಯಾದವರನ್ನು ತೋರಿಸಿ, ಅವರಂತಿರುವವರನ್ನು ಹುಡುಕಲು ಯಂತ್ರಕ್ಕೆ ಕಲಿಸುತ್ತೀರಿ. ಆದರೆ ಸುಸ್ತಿ ಹೇಗೆ ಆಗುತ್ತದೆ ಎಂದು ಯಾರಾದರೂ ಕೇಳಿದಿರಾ? 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು. ಕಾರ್ಖಾನೆ ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡರೂ ಸಂಘದ ಪುಸ್ತಕದಲ್ಲಿ ಸುಸ್ತಿಯಾಗುವವನು ರೈತನೇ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ. ಅಂಥ ವರ್ಷ ಅಚ್ಚುಕಟ್ಟಿನ ಕೊನೆ ಭಾಗದವರ ಪಾಡು ನೀನು ಬಲ್ಲೆ. ಕಡತದಲ್ಲಿ ಇದಾವುದೂ ಇರುವುದಿಲ್ಲ. ನಾಲೆಯ ಕೊನೆಯಲ್ಲಿ ಗದ್ದೆಯಿರುವುದನ್ನೇ ನಿಮ್ಮ ಯಂತ್ರ ಅಪ್ರಾಮಾಣಿಕತೆ ಎಂದು ಕಲಿತುಬಿಡುತ್ತದೆ.

ನೀನೇ ಕಳುಹಿಸಿದ ಲೇಖನದಲ್ಲೂ ಇದೇ ಕಥೆ. ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಪ್ರೋಗ್ರಾಂ, ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ತಿಳಿಯಲು ಕಾಯಿಲೆಯ ಬದಲು ಚಿಕಿತ್ಸೆಯ ಖರ್ಚನ್ನು ಅಂದಾಜು ಮಾಡುತ್ತಿತ್ತು. ಕಪ್ಪು ಜನಾಂಗದವರಿಗೆ ಅಷ್ಟೇ ಕಾಯಿಲೆಗೆ ಆಗುತ್ತಿದ್ದ ಖರ್ಚು ಕಡಿಮೆ, ಹಾಗಾಗಿ ಅವರು ಆರೋಗ್ಯವಂತರೆಂದು ಅದು ಎಣಿಸಿತು. ಇದನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಅವರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆ ಎಂದು 2019ರಲ್ಲಿ ಸಂಶೋಧಕರು ತೋರಿಸಿದರು. ಅಲ್ಲಿಯೂ ಜನಾಂಗದ ಕಾಲಂ ಇರಲಿಲ್ಲ, ಗಮನಿಸು.

ಒಂದೇ ಅಂಕ ಪಡೆದವರು ಯಾವ ಗುಂಪಿನವರಾದರೂ ಸಾಲ ತೀರಿಸುವ ಸಂಭವ ಒಂದೇ ಇರಬೇಕು, ಯಂತ್ರ ಮಾಡುವ ತಪ್ಪುಗಳ ಪ್ರಮಾಣವೂ ಎಲ್ಲ ಗುಂಪಿಗೂ ಒಂದೇ ಇರಬೇಕು ಎಂದರೆ ಸಾಮಾನ್ಯವಾಗಿ ಗಣಿತವೇ ಒಪ್ಪುವುದಿಲ್ಲ ಎಂದು ನೀನು ಹೇಳಿದೆ. ಸರಿ. ಹಾಗಾದರೆ ಯಾವುದನ್ನು ಬಿಡಬೇಕೆಂದು ಯಾರೋ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಅಂಥ ತೀರ್ಮಾನ ನಡಾವಳಿ ಪುಸ್ತಕದಲ್ಲಿ ಸಹಿಯೊಂದಿಗೆ ಇರುತ್ತಿತ್ತು. ಆಡಳಿತ ಮಂಡಳಿಯವರೇನು ಸಾಧುಗಳಲ್ಲ, ನೆಂಟರ ಅರ್ಜಿ ಮೇಲಕ್ಕೆ ಬರುತ್ತಿದ್ದುದೂ ಉಂಟು. ಆದರೆ ಸಾಲ ಸಿಗದವನು ಬಂದು ಮೇಜು ಗುದ್ದಿ ಕೇಳುತ್ತಿದ್ದ, ಉತ್ತರ ಕೊಡಲೇಬೇಕಾಗುತ್ತಿತ್ತು. ನಿಮ್ಮ ಅಂಕದ ಬಗ್ಗೆ ಅವನು ಯಾರನ್ನು ಕೇಳಬೇಕು? ಅರ್ಜಿ ತಿರಸ್ಕರಿಸಿದರೆ ಕಾರಣ ಕನ್ನಡದಲ್ಲಿ ಬರಲಿ, ಕಾರ್ಖಾನೆಯ ಬಾಕಿ ರಸೀದಿ ತೋರಿಸಿದರೆ ಅಂಕ ತಿದ್ದುವ ಅಧಿಕಾರ ಒಬ್ಬ ಮನುಷ್ಯನಿಗಿರಲಿ.

ಯುಗಾದಿಗೆ ಬರುವಾಗ ಆ ಕಾಲಂಗಳ ಪಟ್ಟಿ ತೆಗೆದುಕೊಂಡು ಬಾ. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದವರ ಮುಂದೆ ಓದೋಣ. ಅದು ಗುಟ್ಟಿನದೆಂದು ಕಚೇರಿಯಲ್ಲಿ ಹೇಳಿದರೆ, ಯಾರಿಂದ ಗುಟ್ಟು ಎಂದು ಕೇಳಿಕೊಂಡು ಬಾ.

ನಿನ್ನ ಅಪ್ಪ